ಎರಡು ಬೆರಳ ಫರಕ

ಮೂರನೇ ಸಲ ಹತ್ತಿತು ಹಳದಿ ದೀಪ.
ಕಲಬುರಗಿಯಿಂದ ಹೊಂಟು
ಕಮಲಾಪುರದಾಗ ಕೆಂಪು ಬಾಳೆಹಣ್ಣು ಮಾರೋರ ಮುಂದ ಬರೂದ್ರಾಗ
ಹಣಿಗೆ ಬೊಟ್ಟಿಟ್ಟಂಗ, ಮತ್ತ ಅದೇ.
ಜಿಲಾನಿ ಬಾಜೂ ಸೀಟಿನ್ಯಾಗ ಕುಂತು ಸ್ಕ್ಯಾನರ್ ಓದಿದ:
"ಅದೇ ಕೋಡ್ ಉಸ್ತಾದ. ಹಿಂದಿನ ಕ್ಲಚ್ ಬಿಸಿ ಆಗ್ಯಾದಂತ."
"ಅನ್ಲಿ," ಅಂದೆ. "ಬಾಯಿ ಅದ, ಅಂತದ."

ನಾಲ್ಕೂ ಗಾಲಿಗೆ ಬಲ ಹಂಚೋ ಪೆಟಗಿ ಅದು,
ಅಂಗೈ ಅಗಲ.
ಹೊಸಾದು ತರಸಬೇಕಂದ್ರ ಎಪ್ಪತ್ತೆಂಟು ಸಾವಿರ,
ಅದಕ್ಕ ಬಿಚ್ಚಿದ್ದೆ.
ಅಂಟು ಕೊರದು, ಮುಚ್ಚಳ ಮೀಟಿ,
ಭೂತಗನ್ನಡಿ ಹಿಡದು ಒಂದೊಂದೇ ಬೆಸಿಗಿ ನೋಡಿದ್ದೆ.
ಒಂದು ಕಾಲಿನ ಸುತ್ತ ಕೂದಲೆಳಿ ಬಿರುಕು,
ಒಡದ ಹಿಂಬಡದಂಥಾದ್ದು.
ಸಿಕ್ಕಿತು ಅಂತ ಖುಷೀಲೆ ತವರ ಕಾಸಿ ಬೆಸದಿದ್ದೆ.

ಈಗ ರಾತ್ರಿ ಎಚ್ಚರಾದಾಗ ಅನಸ್ತದ:
ಆ ಬಿರುಕು ಮುಂಚೇನೇ ಇತ್ತೋ,
ನಾ ಮುಚ್ಚಳ ಮೀಟುವಾಗ ಬಂತೋ.
ಜಿಲಾನಿ ಆವತ್ತು ರಜಾ ಇದ್ದ.
ನೋಡಿದವ ನಾ ಒಬ್ಬನೇ.

ಅರ್ಥಿನ ವೈರು ತಿಕ್ಕಿ ಹೊಳಿಸಿದೆ. ಫ್ಯೂಜ್ ಬದಲಿ ಮಾಡಿದೆ.
ಪಿನ್ ಪಿನ್ನಿಗೂ ಮೀಟರ್ ಮುಟ್ಟಿಸಿದೆ,
ಹನ್ನೆರಡೂವರೆ, ಹನ್ನೆರಡೂವರೆ, ಹನ್ನೆರಡೂವರೆ,
ಜಪಾ ಮಾಡಿದಂಗ.
ಆಮ್ಯಾಲ ಪೆಟಗಿನ್ನ ಬೈದೆ.
ಬಿಚ್ಚಿದ ಮಷೀನು ಸುಳ್ಳ ಕಲೀತದ ಅಂತ
ಹುಡುಗಗ ಪಾಠಾನೂ ಹೇಳಿದೆ.
ಅವ ಗೋಣು ಹಾಕಲಿಲ್ಲ.

ನಾಲ್ಕನೇ ದಿನ ಗಾಡಿಯವರು ಬಂದ್ರು,
ಚಿಂಚೋಳಿ ಕಡಿ ದನದ ಡಾಕ್ಟರ್, ಮಹಾನಂದಾ ಮೇಡಂ.
ಬೂಟಿಗೆ ಸಗಣಿ, ಕೈಗೆ ಡೆಟಾಲ್ ವಾಸನಿ.
ನನ್ನ ಪುರಾಣ ಪೂರಾ ಕೇಳಿ ಅಂದ್ರು:
"ಎತ್ತು ಕುಂಟಿದ್ರ ನಾವು ಮೊದಲೇ ಕೊಯ್ಯಲ್ಲ ಅಂಬಾರಾಯ.
ಸಪಾಟ ನೆಲದ ಮ್ಯಾಲ ನಡಿಸ್ತೀವಿ.
ಸುಮ್ಮ ನಿಂತು ನೋಡ್ತೀವಿ."

ನಕ್ಕೆ. ಹೊಟ್ಟಿ ಉರೀತಿತ್ತು.
ಆದ್ರ ನಮ್ಮ ಗ್ಯಾರೇಜಿನ ನೆಲ ಶಹಾಬಾದ ಫರಸಿ,
ಇಡೀ ಓಣ್ಯಾಗ ಇಷ್ಟು ಸಪಾಟ ಇನ್ನೊಂದಿಲ್ಲ,
ಮತ್ತ ಜಿಲಾನಿ ಆಗಲೇ ಖಡು ತಂದು ನಿಂತಿದ್ದ.
ಒಂದೊಂದು ಟಾಯರಿಗೆ ಒಂದು ಗೆರಿ, ನೆಲಾ ಮುಟ್ಟೋ ಕಡಿ.
ಮೂವರೂ ನೂಕಿದ್ವಿ, ಡಾಕ್ಟರೂ ಹೆಗಲು ಕೊಟ್ಟರು,
ಒಂದೇ ಒಂದು ಸುತ್ತು.

ಮೂರು ಗಾಲಿ ಗೆರಿ ಮತ್ತ ಫರಸಿ ಮುಟ್ಟಿದ್ವು.
ಬಲಗಡಿ ಹಿಂದಿಂದು ಮುಟ್ಟಿಲ್ಲ.
ಎರಡು ಬೆರಳು ಬಾಕಿ.

"ಈ ಟಾಯರ್ ಯಾವಾಗ ಹಾಕ್ಸಿದ್ರಿ?"
"ತಿಂಗಳಾತು. ಮೊಳಿ ಚುಚ್ಚಿ ಹರದಿತ್ತು, ಒಂದೇ ಹಾಕ್ಸಿದೆ.
ಉಳಿದ ಮೂರು ಚಲೋನೇ ಇದ್ವಲ್ಲ."

ಚಲೋನೇ ಇದ್ವು. ಸವದಿದ್ವು, ಅಷ್ಟೇ.
ಹೊಸಾದರ ಸುತ್ತಳತಿ ದೊಡ್ಡದು,
ಕಿಲೋಮೀಟರಿಗೆ ಆರು ಸುತ್ತು ಕಮ್ಮಿ ತಿರಗತದ.
ಪೆಟಗಿ ಎಣಸ್ತದ. ಅದಕ್ಕ ಬರೂದು ಎಣಕಿ ಒಂದೇ.
ಒಬ್ಬವ ಹಿಂದ ಬಿದ್ದಾನ, ಮಿಕ್ಕವರು ಜಾರ್ಲಿಕ್ಕತ್ತಾರ ಅಂತ ತಿಳದು
ಬಲಾ ಕಳಿಸ್ತದ, ಕಳಿಸ್ತದ,
ಒಣ ಡಾಂಬರಿನ ಮ್ಯಾಲ, ಸುಡೋ ಬಿಸಲಾಗ,
ಇಲ್ಲದ ಕೆಸರಿನಿಂದ ನಮ್ಮನ್ನ ಎತ್ತಲಿಕ್ಕ
ಕಳಿಸಿ ಕಳಿಸಿ ಮೈ ಕಾದು
ಕಡೀಕ ದೀಪ ಹಚ್ಚಿ ಹೇಳ್ತದ.
ಮೂರು ಸಲ ಹೇಳಿತ್ತು.
ಮೂರು ಸಲಾನೂ ಖರೆ ಇತ್ತು.

ಗುಜರಿ ಅಂಗಡ್ಯಾಗ ಜಿಲಾನಿ ಹುಡಕಿ ತಂದ
ಅಷ್ಟೇ ಸವದ ಇನ್ನೊಂದು ಟಾಯರು, ಸಾವಿರದಿನ್ನೂರು.
ಕಮಲಾಪುರ ದಾಟಿ ಹೋಗಿ ಬಂದ್ವಿ.
ದೀಪ ಬರಲಿಲ್ಲ. ಬಾಳೆಹಣ್ಣು ತಂದ್ವಿ.

ಬಿಲ್ಲಿನ್ಯಾಗ "ಪೆಟಗಿ ರಿಪೇರಿ" ಅಂತ ಬರದೆ,
ಹೊಡದು ಹಾಕಿದೆ,
ಬರದೆ,
ಮುಂದ ರೊಕ್ಕ ಎಷ್ಟಂತ ಬರೀಲಿಲ್ಲ.
ಡಾಕ್ಟರ್ ಕೇಳಿದ್ರು. ಟಾಯರಿಂದಷ್ಟೇ ಕೊಡ್ರಿ ಅಂದೆ.

ಗಾಡಿ ಹೋತು.
ಚಿಂಚೋಳಿ ಕಾಡಿನ ಏರಿನ್ಯಾಗ ಈಗ
ಎಣಸ್ಕೋತ ಹೊಂಟಿರ್ತದ ಅದು,
ಹೊಟ್ಟ್ಯಾಗ ನನ್ನ ತವರದ ಒಂದು ಹನಿ,
ಬೇಕಾಗಿತ್ತೋ ಬ್ಯಾಡಾಗಿತ್ತೋ.
ಫರಸಿ ಮ್ಯಾಲಿನ ಖಡು ಗೆರಿ ಬಿಟ್ಟು
ಸುತ್ತಲ ಕಸಾ ಹೊಡದಾನ ಜಿಲಾನಿ.